ಇಪ್ಪತ್ತೈದನೆಯ ಪದ

ಆ ಭಾನುವಾರಕ್ಕೆ ನನ್ನ ಹತ್ತಿರ ಎರಡು ಸಾಕ್ಷಿಗಳಿವೆ, ಎರಡೂ ನಾನೇ. ಮೊದಲನೆಯದು ನನ್ನ ನೆನಪು. ಅದರ ಪ್ರಕಾರ, ಅಪ್ಪ ಕರಿಕಂಬಳಿಯನ್ನು ನಮ್ಮಿಬ್ಬರ ತಲೆಯ ಮೇಲೆ ಎಳೆದುಕೊಂಡಾಗ ನಾನು ಅದನ್ನು ಸರಿಸಿ, "ಇದನ್ನ ಕೇಳಿಸ್ಕೊಂಡ್ರೆ ನಾನು ಇದರ ಚರಿತ್ರೆ ಬರೆಯೋಕಾಗಲ್ಲ ಅಪ್ಪ" ಅಂದೆ. ಗಂಭೀರವಾದ, ಯಾರಾದರೂ ಒಪ್ಪುವಂಥ ಕಾರಣ. ಎರಡನೆಯದು ನನ್ನ ಡೈರಿ. ಆ ದಿನದ ಪುಟದಲ್ಲಿ ಇರುವುದು ನಾಲ್ಕು ತುಂಡು ಸಾಲು: ತಲೆಗೆ ನೀರು ಹಾಕಿಕೊಂಡಿದ್ದೆ. ಅಪ್ಪ ಕಂಬಳಿಯೊಳಗೆ ಕರೆದರು. ಕಮಟು ವಾಸನೆ. ಪರೀಕ್ಷೆ ಮುಗಿಯಲಿ ಅಂದೆ.

ಎಷ್ಟೋ ವರ್ಷ ನಾನು ನೆನಪನ್ನೇ ನಂಬಿಕೊಂಡಿದ್ದೆ. ಆದರೆ ಡೈರಿ ಬರೆದವಳಿಗೆ ಮುಂದೆ ಏನಾಗಲಿದೆ ಎಂದು ಗೊತ್ತಿರಲಿಲ್ಲ, ಆದ್ದರಿಂದ ಸುಳ್ಳು ಬರೆಯುವ ಅಗತ್ಯವೂ ಅವಳಿಗಿರಲಿಲ್ಲ. ನೆನಪಿಗೆ ಆ ಅಗತ್ಯ ಇತ್ತು.

ನಾವು ಆಗ ರಾಜಾಜಿನಗರದಲ್ಲಿದ್ದೆವು. ಅಪ್ಪ ಒಂದು ಕಾರ್ಖಾನೆಯಲ್ಲಿ ಟರ್ನರ್. ದಿನವಿಡೀ ಲೇತ್ ಮುಂದೆ ನಿಂತು ಕಬ್ಬಿಣ ಕೊರೆಯುವ ಕೆಲಸ. ಕೈಯ ಗೆರೆಗಳಲ್ಲಿ ಎಣ್ಣೆಯ ಕಪ್ಪು ಎಂದೂ ಹೋಗುತ್ತಿರಲಿಲ್ಲ. ಅಮಾವಾಸ್ಯೆಯ ದಿನ ಮಾತ್ರ ಶಿಫ್ಟ್ ಬದಲಾಯಿಸಿಕೊಂಡು ಮನೆಯಲ್ಲಿ ಉಳಿಯುತ್ತಿದ್ದರು. ಗುಟ್ಟಿನ ಪಂಥ ಎಂದರೆ ಓದುವವರು ನಡುರಾತ್ರಿ, ಮಸಣ, ದೀಪ ಎಂದುಕೊಂಡಾರು. ಇವರು ಸೇರುತ್ತಿದ್ದುದು ಮಟಮಟ ಮಧ್ಯಾಹ್ನ ಹನ್ನೆರಡಕ್ಕೆ, ಎದುರು ಮನೆಯ ಕುಕ್ಕರ್ ಕೂಗುವ ಹೊತ್ತಿಗೆ. ನೆರಳು ಕಾಲಡಿಗೆ ಸೇರುವ ಹೊತ್ತಿನಲ್ಲಿ ಮನುಷ್ಯನ ಹಿಂದೆ ಯಾರೂ ನಿಂತಿರುವುದಿಲ್ಲ, ಆಗ ಮಾತ್ರ ಒಳಗಿನ ಮಾತು ಆಡಬಹುದು ಎನ್ನುವುದು ಅವರ ನಂಬಿಕೆ. ಒಂಬತ್ತು ಹತ್ತು ಜನ ಬರುತ್ತಿದ್ದರು. ಬೀದಿ ಬಾಗಿಲು ಹಾಕಿ, ಹಜಾರದ ಚಾಪೆಯ ಮೇಲೆ ಕೂತು, ತಾಳವಿಲ್ಲದೆ, ಹೆಬ್ಬೆರಳನ್ನು ಮಂಡಿಗೆ ತಟ್ಟುತ್ತಾ ಇಪ್ಪತ್ತನಾಲ್ಕು ಪದ ಹಾಡುತ್ತಿದ್ದರು. ಪಟ ಇಲ್ಲ, ಗಂಟೆ ಇಲ್ಲ, ಹೂವಿಲ್ಲ. ಹಾಡಾದ ಮೇಲೆ ಒಂದೇ ತಟ್ಟೆಯಲ್ಲಿ ಒಂದೇ ದೊಡ್ಡ ಮುದ್ದೆ. ಯಾವ ಜಾತಿಯವರಾದರೂ ಅದರಿಂದಲೇ ಮುರಿದುಕೊಂಡು ತಿನ್ನಬೇಕು. ಮುದ್ದೆ ತೊಳಸುತ್ತಿದ್ದವಳು ಅಮ್ಮ. ಆದರೆ ಅವಳು ಒಳಗೆ ಕೂರುತ್ತಿರಲಿಲ್ಲ.

"ನಿಮ್ಮ ಕಂಬಳಿ ಸಂಘಕ್ಕೆ ಇವತ್ತು ಎಷ್ಟು ಜನಾರೀ?" ಎಂದು ಕೇಳುವಳು.

"ಬಂದಷ್ಟು ಜನ."

"ಬಂದಷ್ಟು ಜನಕ್ಕೆ ಹಿಟ್ಟು ಎಷ್ಟು ಹಾಕ್ಲಿ ಅಂತ ನಿಮ್ಮ ಇಪ್ಪತ್ನಾಕು ಪದದಲ್ಲಿ ಎಲ್ಲಾದ್ರೂ ಬರ್ದಿದ್ಯಾ?"

ಎಮರ್ಜೆನ್ಸಿಯ ಆ ದಿನಗಳಲ್ಲಿ ಹಾಕಿದ ಬಾಗಿಲಿನ ಹಿಂದೆ ಹತ್ತು ಜನ ಸೇರುವುದು ಬೀದಿಯವರಿಗೆ ಇರುಸುಮುರುಸಾಗಿತ್ತು. ಪಕ್ಕದ ಮನೆಯ ಗುಮಾಸ್ತರು ಒಮ್ಮೆ ಅಪ್ಪನನ್ನು ಗೇಟಿನ ಹತ್ತಿರ ತಡೆದು, "ಯೂನಿಯನ್ ಮೀಟಿಂಗಾ ಸಾರ್?" ಎಂದು ದನಿ ತಗ್ಗಿಸಿ ಕೇಳಿದ್ದರು. ಅಪ್ಪ ನಕ್ಕರು. ಅಮ್ಮ ಒಳಗಿನಿಂದ, "ಪೊಲೀಸ್ರು ಬಂದ್ರೂ ಏನಂತ ಹಿಡೀತಾರೆ ಬಿಡಿ. ಏಪ್ರಿಲ್ ತಿಂಗಳಲ್ಲಿ ಮಧ್ಯಾಹ್ನ ಕಂಬಳಿ ಹೊದ್ಕೊಂಡಿದ್ರು ಅಂತ ಕೇಸು ಹಾಕಕ್ಕಾಗತ್ತಾ?" ಎಂದಳು.

ಆ ಕಂಬಳಿಯ ವಿಷಯ ಹೇಳಬೇಕು. ಪಂಥಕ್ಕೆ ಹೆಸರಿರಲಿಲ್ಲ, ಅವರು 'ಮನೆ' ಎನ್ನುತ್ತಿದ್ದರು, ಅಷ್ಟೆ. ಮೊದಲನೆಯ ಗುರು ಕಂಬಳಿ ನೇಯುವವನಂತೆ, ಬಡಗಣ ಸೀಮೆಯಿಂದ ಮಾಗಡಿ ಕಡೆಗೆ ಬಂದವನು. ತಾನು ನೇಯ್ದ ಕರಿಕಂಬಳಿಯೊಂದನ್ನು ಮಾರದೆ ಉಳಿಸಿಕೊಂಡು, ಸಾಯುವ ಮುಂಚೆ ಅದರೊಳಗೆ ಇನ್ನೊಬ್ಬನನ್ನು ಕೂರಿಸಿಕೊಂಡು ಕಿವಿಯಲ್ಲಿ ಒಂದು ಪದ ಹೇಳಿದ. ಹೀಗೆ ಏಳು ತಲೆ ನಡೆದು ಕಂಬಳಿ ಅಪ್ಪನಿಗೆ ಬಂದಿತ್ತು. ಕಂಬಳಿ ಇಟ್ಟುಕೊಂಡ ಪ್ರತಿಯೊಬ್ಬರೂ ಅದನ್ನು ತಮ್ಮ ಕಾಲದ ಉಣ್ಣೆಯಿಂದ ಹೊಲಿದು ಹೊಲಿದು, ಮೊದಲನೆಯವನ ಎಳೆ ಒಂದಾದರೂ ಅದರಲ್ಲಿ ಉಳಿದಿತ್ತೇ ಎಂದು ನನಗೆ ಅನುಮಾನ.

ಇಪ್ಪತ್ತನಾಲ್ಕು ಪದಗಳನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದಿತ್ತು. ದೇಹವನ್ನು ಮನೆಗೆ, ಉಸಿರನ್ನು ಬಂದುಹೋಗುವ ನೆಂಟನಿಗೆ ಹೋಲಿಸುವ ಪದಗಳು.

ಬಂದ ಗಾಳಿಗೆ ಬಾಗಿಲೊಂಬತ್ತು
ಹೋಗೊ ಗಾಳಿಗೆ ಹೆಸರಿಲ್ಲ
ನಡುವೆ ನಿಂತವನ ಕಂಡೆಯ ತಮ್ಮ
ಕಂಡೆನೆಂದರೆ ಕಂಡಿಲ್ಲ

ಅಪ್ಪನ ನೋಟ್‌ಬುಕ್ಕಿನಲ್ಲಿ ಇಪ್ಪತ್ತನಾಲ್ಕನೆಯ ಪದದ ನಂತರ ಒಂದು ಖಾಲಿ ಹಾಳೆ. ಅದು ಇಪ್ಪತ್ತೈದನೆಯದರ ಜಾಗ. ಆ ಪದವನ್ನು ಬರೆಯುವಂತಿಲ್ಲ, ಹಾಡುವಂತಿಲ್ಲ. ಕಂಬಳಿ ಇಟ್ಟುಕೊಂಡವರ ಬಾಯಿಂದ ಇನ್ನೊಬ್ಬರ ಕಿವಿಗೆ, ಕಂಬಳಿಯೊಳಗೇ ಹೋಗಬೇಕು. ಅದು ಎರಡು ಬಗೆಯವರಿಗೆ ಮಾತ್ರ ಸಿಗುತ್ತದೆ: ಮುಂದೆ ಕಂಬಳಿ ಹಿಡಿಯುವವರಿಗೆ, ಮತ್ತು ಪಂಥದೊಳಗೆ ಯಾರೇ ಸಾಯುತ್ತಿದ್ದರೂ ಅವರಿಗೆ. ಅದನ್ನು ಕೇಳಿಸಿಕೊಂಡು ಹೋದವರು ನಡುವೆ ನಿಂತವನನ್ನು ಕಾಣುತ್ತಾರೆ. ಕೇಳಿಸಿಕೊಳ್ಳದೆ ಹೋದವರು ಒಂಬತ್ತು ಬಾಗಿಲಲ್ಲಿ ಒಂದರಿಂದ ಹೊರಗೆ ಬಿದ್ದು ಮತ್ತೆ ಅಲೆಯುತ್ತಾರೆ. ಜೀವಮಾನವಿಡೀ ಇವರು ಅಮಾವಾಸ್ಯೆ ಅಮಾವಾಸ್ಯೆಗೆ ಬಂದು ಮಂಡಿ ತಟ್ಟುತ್ತಿದ್ದುದು ಆ ಕೊನೆಯ ಗಳಿಗೆಗಾಗಿ.

ಇನ್ನೊಂದು ಕಟ್ಟಳೆ ಇತ್ತು. ಮೂರನೆಯ ತಲೆಯಲ್ಲಿ ಕಂಬಳಿ ಒಬ್ಬ ವಿಧವೆಯ ಬಳಿ ಇತ್ತಂತೆ. ಪಾಳೆಯಗಾರನ ಕಡೆಯವರು ಬಂದು, ಇವರು ಏನೋ ನಿಧಿ ಬಚ್ಚಿಟ್ಟಿದ್ದಾರೆಂದು ಅವಳನ್ನು ಹೊಡೆದು ಕೇಳಿದರು. ಅವಳು ಪ್ರತಿ ಏಟಿಗೂ "ಏನೂ ಇಲ್ಲ" ಅಂದಳು. ಅಂದಿನಿಂದ, ಪದ ಪಡೆದವರು ಕಂಬಳಿಯಿಂದ ಹೊರಗೆ ಬಂದಾಗ ಉಳಿದವರು "ಸಿಕ್ಕಿತಾ?" ಎಂದು ಕೇಳಬೇಕು, ಪಡೆದವರು "ಏನೂ ಇಲ್ಲ" ಎನ್ನಬೇಕು. ಕೇಳಿದವರು ಆಗ ಎರಡೂ ಕೈಯನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ. ಸಿಕ್ಕಿದೆ ಎನ್ನುವವನಿಗೆ ಸಿಕ್ಕಿಲ್ಲ. ಇಲ್ಲ ಎನ್ನುವವನಿಗೇ ಸಿಕ್ಕಿದ್ದು.

ಊರಾಚೆ ಉಲ್ಲಾಳದ ಕಡೆಯ ವಿಶ್ವವಿದ್ಯಾಲಯದ ಹೊಸ ಕ್ಯಾಂಪಸ್ಸಿನಲ್ಲಿ ನಾನು ಚರಿತ್ರೆ ಎಂ.ಎ. ಓದುತ್ತಿದ್ದೆ. ಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದಾಗ, ಬೇರೆಯವರೆಲ್ಲ ಶಾಸನ, ಕಂದಾಯ ಎಂದು ಹೊರಟರೆ, ನನಗೆ ನಮ್ಮ ಹಜಾರದಲ್ಲೇ ಯಾರೂ ಬರೆಯದ ಚರಿತ್ರೆ ಕೂತಿದೆ ಎನ್ನಿಸಿತು. ನೋಟ್‌ಬುಕ್ ಕೇಳಿದಾಗ ಅಪ್ಪ ಸಂತೋಷದಿಂದ ಕೊಟ್ಟರು. ನಾನು ಅದನ್ನು ಪಂಡಿತೆಯಂತೆ ಓದಿದೆ. ಎರಡನೆಯ ಗುರುವಿನದು ಎಂದು ಹೇಳುವ ಪದವೊಂದರಲ್ಲಿ ಉಗಿಬಂಡಿ ಬರುತ್ತಿತ್ತು.

"ಇನ್ನೂರು ಮುನ್ನೂರು ವರ್ಷದ ಪದ ಅಂತೀರಿ. ಆಗ ರೈಲು ಎಲ್ಲಿತ್ತು ಅಪ್ಪ?"

"ಪದಾನೂ ಬೆಳೀತದೆ ಕಣಮ್ಮ. ನೀನು ಹುಟ್ದಾಗ ಎಂ.ಎ. ಓದ್ತಿದ್ಯಾ?"

"ಹಾಗಾದ್ರೆ ಆ ಇಪ್ಪತ್ತೈದನೇದೂ ಬೆಳೆದಿರತ್ತಾ?"

"ಅದಕ್ಕೇ ಅದನ್ನ ಬರೆದಿಲ್ಲ" ಎಂದರು. ಇದು ಉತ್ತರವೋ, ಉತ್ತರ ತಪ್ಪಿಸಿಕೊಂಡ ರೀತಿಯೋ ನನಗೆ ಇವತ್ತಿಗೂ ತಿಳಿದಿಲ್ಲ.

ಅದಾದ ಒಂದೆರಡು ತಿಂಗಳಿಗೆ ಆ ಭಾನುವಾರ ಬಂತು. ಅಮ್ಮ ಅಂಗಡಿಗೆ ಹೋಗಿದ್ದಳು. ನಾನು ಹಜಾರದಲ್ಲಿ ಆಗತಾನೆ ತೊಳೆದ ಕೂದಲು ಬಿಟ್ಟುಕೊಂಡು ಓದುತ್ತಿದ್ದೆ. ಅಪ್ಪ ಮೊಳೆಯಿಂದ ಕಂಬಳಿ ತೆಗೆದು, ಎದುರಿಗೆ ಬಂದು ಚಕ್ಕಳಮಕ್ಕಳ ಹಾಕಿ ಕೂತರು. ಗಡಿಯಾರ ನೋಡಿದರು. "ಬಾಮ್ಮ" ಎಂದರು, ಅಷ್ಟೆ. ಕಂಬಳಿ ನಮ್ಮಿಬ್ಬರ ಮೇಲೆ ಬಂತು. ಒಳಗೆ ಕತ್ತಲೆ, ಸೆಕೆ, ಏಳು ತಲೆಯ ಬೆವರು. ಅಪ್ಪನ ಉಸಿರು ನನ್ನ ಕಿವಿಯ ಹತ್ತಿರ ಬಂದಾಗ ನಾನು ಕಂಬಳಿ ಸರಿಸಿದೆ. ಏನು ಹೇಳಿ ಸರಿಸಿದೆ ಎನ್ನುವುದನ್ನು ಆಗಲೇ ಬರೆದಿದ್ದೇನೆ. ಎರಡರಲ್ಲಿ ನೀವು ಯಾವುದನ್ನಾದರೂ ನಂಬಿ. ಅಪ್ಪ ಬೇಸರ ಮಾಡಿಕೊಂಡಂತೆ ಕಾಣಲಿಲ್ಲ. "ಆಗ್ಲಿ ಬಿಡು, ಓದ್ಕೋ" ಎಂದು ಕಂಬಳಿ ಮಡಿಸಿದರು.

ಆ ಗಳಿಗೆಯಲ್ಲಿ, ನನಗೆ ಆಮೇಲೆ ತಿಳಿದಂತೆ, ವಿಜಯನಗರದ ಟೈಲರ್ ನಮ್ಮ ಕಿಟಕಿಯ ಹೊರಗೆ ನಿಂತಿದ್ದರು. ಅವರು ಪಂಥದವರು, ಅಪ್ಪನಿಗಿಂತ ಸ್ವಲ್ಪ ಚಿಕ್ಕವರು, ನನ್ನ ಹೈಸ್ಕೂಲಿನ ಯೂನಿಫಾರ್ಮ್‌ಗಳನ್ನೆಲ್ಲ ಹೊಲಿದವರು. ಯಾವುದೋ ಕೆಲಸಕ್ಕೆ ಬಂದವರು, ಕಂಬಳಿಯ ಕೆಳಗೆ ಎರಡು ತಲೆಗಳನ್ನು ಕಂಡು, ನೋಡಬಾರದ್ದೆಂದು ಕಣ್ಣು ಮುಚ್ಚಿಕೊಂಡು, ಹಾಗೇ ಹಿಂದಕ್ಕೆ ಹೋಗಿಬಿಟ್ಟಿದ್ದರು. ಇನ್ನೊಂದು ಹತ್ತು ಎಣಿಸುವಷ್ಟು ಹೊತ್ತು ಮರ್ಯಾದೆ ಬಿಟ್ಟು ನಿಂತಿದ್ದರೆ, ನಾನು ಕಂಬಳಿ ಸರಿಸಿದ್ದನ್ನೂ ನೋಡುತ್ತಿದ್ದರು.

ಹನ್ನೊಂದು ದಿನಕ್ಕೆ ಅಪ್ಪನಿಗೆ ಕಾರ್ಖಾನೆಯಲ್ಲಿ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಉಳಿದದ್ದು 'ಹ' ಎನ್ನುವ ಒಂದೇ ದನಿ. ನೋವಿಗೂ ಹಸಿವಿಗೂ ಅದೇ.

ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ ಟೈಲರ್ ಬಂದರು. ಮಂಚದ ಪಕ್ಕ ಕೂತು ಅಪ್ಪನ ಕಾಲು ಒತ್ತಿದರು, ಸ್ವಲ್ಪ ಅತ್ತರು. ಆಮೇಲೆ ಬಗ್ಗಿ ಕೇಳಿದರು: "ಅಣ್ಣ, ಮಗಳಿಗೆ ಕೊಟ್ರಾ?"

ಅಪ್ಪ ತಲೆ ಅಲ್ಲಾಡಿಸಿದರು. ಇಲ್ಲ. ಟೈಲರ್ ಕೈಯೆರಡನ್ನೂ ಕಣ್ಣಿಗೊತ್ತಿಕೊಂಡರು. ಅಪ್ಪನಿಗೆ ಏನಾಗುತ್ತಿದೆಯೆಂದು ತಕ್ಷಣ ಹೊಳೆಯಿತು. ಎಡಗೈಯಿಂದ ಟೈಲರ್ ತೋಳು ಹಿಡಿದು, ಇಲ್ಲ ಇಲ್ಲ ಎಂದು ಇನ್ನೂ ಜೋರಾಗಿ ತಲೆ ಅಲ್ಲಾಡಿಸಿದರು, 'ಹ ಹ' ಎಂದರು, ಬಾಯಿಯ ಕೊನೆಯಿಂದ ಜೊಲ್ಲು ಇಳಿಯಿತು. ಟೈಲರ್ ತಮ್ಮ ಪಂಚೆಯ ತುದಿಯಿಂದ ಅದನ್ನು ಒರೆಸಿ, "ಗೊತ್ತಾಯ್ತು ಅಣ್ಣ, ಗೊತ್ತಾಯ್ತು. ನಾನೇ ಕಣ್ಣಾರೆ ನೋಡಿದೀನಿ. ಸುಮ್ನಿರಿ" ಎಂದು ಸಮಾಧಾನ ಮಾಡಿದರು.

ನಾನು ಅವರ ಹಿಂದೆ ಗೇಟಿನವರೆಗೆ ಹೋದೆ. "ಅಂಕಲ್, ಅಪ್ಪ ನಿಜವಾಗಲೂ ಏನೂ ಹೇಳಿಲ್ಲ. ನಾನೇ ಬೇಡ ಅಂದೆ."

ಅವರು ನಿಂತರು. ನನ್ನ ಮುಖ ನೋಡಲಿಲ್ಲ, ಪಾದ ನೋಡಿದರು. "ನೀವು ಇನ್ಮೇಲೆ ನನ್ನ ಅಂಕಲ್ ಅನ್ಬಾರ್ದು ಅಮ್ಮಾವ್ರೇ" ಎಂದರು. ನನಗೆ ಬುದ್ಧಿ ಬಂದಾಗಿನಿಂದ ನನ್ನನ್ನು 'ಏನೇ, ಎತ್ತರ ಆಗ್ಬಿಟ್ಯಲ್ಲೇ' ಎಂದು ಅಳತೆ ಟೇಪಿನಿಂದ ಚುಚ್ಚುತ್ತಿದ್ದ ಮನುಷ್ಯ.

ಸ್ಲೇಟು ತಂದೆ. ಅದರ ಮೇಲೆ ವರ್ಣಮಾಲೆ ಬರೆದು, ಅಪ್ಪನ ಎಡಗೈ ಬೆರಳನ್ನು ಅಕ್ಷರದಿಂದ ಅಕ್ಷರಕ್ಕೆ ನಡೆಸುವುದು ನನ್ನ ಉಪಾಯ. ವಾರದೊಳಗೆ ಅವರು 'ನ' ತೋರಿಸಿ 'ರ' ತೋರಿಸಿದರು, ನೀರು ಕೊಟ್ಟೆ. ಇನ್ನೊಂದು ದಿನ 'ಕ', 'ಟ', 'ಕ' ಎಂದರು, ಕಿಟಕಿ ತೆರೆದೆ. ಅಮ್ಮ ಪಕ್ಕದಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ಹುಚ್ಚು ಧೈರ್ಯ ಬಂತು. ಅವತ್ತೇ ಮಧ್ಯಾಹ್ನ ಹನ್ನೆರಡಕ್ಕೆ ಬಾಗಿಲು ಹಾಕಿ, ಸ್ಲೇಟನ್ನು ಅವರ ಎದೆಯ ಮೇಲಿಟ್ಟು, "ಅಪ್ಪ, ಇಪ್ಪತ್ತೈದನೇದು" ಎಂದೆ.

ಅಪ್ಪ ಬೆರಳು ಮಡಚಿದರು. ನಾನು ಬಿಡಿಸಲು ಹೋದೆ. ಅವರ ಎಡಗೈಯಲ್ಲಿ ಅಷ್ಟು ಬಲ ಉಳಿದಿದೆಯೆಂದು ನನಗೆ ಗೊತ್ತಿರಲಿಲ್ಲ.

ಬರೆಯುವಂತಿಲ್ಲ. ನೀರನ್ನು ಬರೆಯಬಹುದು, ಕಿಟಕಿಯನ್ನು ಬರೆಯಬಹುದು, ಅದನ್ನಲ್ಲ. ದಿನಾ ಕೇಳಿದೆ. ಕಂಬಳಿಯೊಳಗೆ ಇಬ್ಬರ ತಲೆಯನ್ನೂ ಸೇರಿಸಿ, ಕಿವಿಯನ್ನು ಅವರ ತುಟಿಗಿಟ್ಟು ಕಾದೆ. 'ಹ' ಬಂತು. ಉಸಿರು ಬಂತು. ಆ ಕತ್ತಲೆಯಲ್ಲಿ ಅವರ ಬೆರಳನ್ನು ನನ್ನ ಅಂಗೈಯಲ್ಲಿಟ್ಟುಕೊಂಡು, "ಇಲ್ಲಿ ಬರೀರಿ, ಕಾಣಲ್ಲ, ಅಳಿಸಿಹೋಗತ್ತೆ, ಬರೆದ ಹಾಗಲ್ಲ ಇದು" ಎಂದು ವಕೀಲರಂತೆ ವಾದಿಸಿದೆ. ಅವರು ಕೈ ಎಳೆದುಕೊಂಡರು. ಒಮ್ಮೆ ಸಿಟ್ಟಿನಿಂದ, "ಅಷ್ಟು ಜನ ಕಾಯ್ತಿದಾರೆ, ನಿಮ್ಮ ಕಟ್ಟಳೆ ದೊಡ್ಡದಾ?" ಎಂದು ಕೂಗಿದೆ. ಅಮ್ಮ ಅಡುಗೆಮನೆಯಿಂದ ಬಂದು ಕಂಬಳಿ ಕಿತ್ತುಕೊಂಡು ಮೊಳೆಗೆ ಹಾಕಿದಳು.

"ಹಿಂಸೆ ಕೊಡ್ಬೇಡ ಅವರಿಗೆ. ಹೇಳೋ ಕಾಲಕ್ಕೆ ನಿನಗೆ ಕಿವಿ ಇರ್ಲಿಲ್ಲ. ಈಗ ಅವರಿಗೆ ಬಾಯಿಲ್ಲ. ಮುಗೀತು."

ಅದು ಮುಗಿದಿರಲಿಲ್ಲ. ಸುಂಕದಕಟ್ಟೆಯ ಅಜ್ಜಿ ಇದ್ದಳು.

ಪಂಥದಲ್ಲಿ ಎಲ್ಲರಿಗಿಂತ ಹಿರಿಯಳು ಅವಳು. ಮಾಗಡಿ ರಸ್ತೆಯ ಪಕ್ಕದಲ್ಲಿ ಹೊಲ ಇದ್ದ ಒಕ್ಕಲು ಮನೆಯವಳು. ಮದುವೆಯಾಗಿ ಬಂದ ಹೊಸದರಲ್ಲೇ ಪಂಥಕ್ಕೆ ಸೇರಿದವಳಂತೆ. ಅಪ್ಪನ ಗುರುವನ್ನೂ, ಅವರ ಗುರುವನ್ನೂ ಕಂಡಿದ್ದವಳು. ಅಮಾವಾಸ್ಯೆಯ ದಿನ ಬಸ್ಸಿಳಿದು, ಬಿಸಿಲಲ್ಲಿ ಬರಿಗಾಲಲ್ಲಿ ನಡೆದು ಬರುತ್ತಿದ್ದಳು. ಮಡಿಲಿನಲ್ಲಿ ನನಗೊಂದು ಹಿಡಿ ಅವರೆಕಾಯಿಯೋ ಸೀಬೆಹಣ್ಣೋ ಇರುತ್ತಿತ್ತು. ನನ್ನ ಪ್ರಬಂಧಕ್ಕೆ ಅರ್ಧ ಚರಿತ್ರೆ ಹೇಳಿದವಳು ಅವಳೇ. ಪಾಳೆಯಗಾರನ ಏಟು ತಿಂದ ವಿಧವೆಯ ಕತೆ ಹೇಳುವಾಗ ಏಟು ತಾನೇ ತಿಂದಂತೆ ಬೆನ್ನು ಮುಟ್ಟಿಕೊಳ್ಳುತ್ತಿದ್ದಳು. "ಇಷ್ಟೊಂದ್ ಬರ್ಕೊಂಡು ಏನ್ ಮಾಡೀಯೆ ಮಗ? ಪರೀಕ್ಸೇಲಿ ನಮ್ಮವ್ವನ ಏಟಿಗೆ ಎಷ್ಟ್ ಮಾರ್ಕ್ಸ್ ಕೊಟ್ಟಾರು?" ಎಂದು ಹಲ್ಲಿಲ್ಲದ ಬಾಯಿ ತೆರೆದು ನಗುವಳು. ಅವಳಿಗೆ ಈ ಜಗತ್ತಿನಲ್ಲಿ ಆಸೆ ಎಂದು ಉಳಿದಿದ್ದುದು ಒಂದೇ. ಅದನ್ನು ನನಗೆ ಹೇಳಿದ್ದಳು: ಗಂಡ ಸಾಯುವಾಗ ಕಂಬಳಿಯವರು ಊರಲ್ಲಿರಲಿಲ್ಲ, ಅವನು ಪದವಿಲ್ಲದೆ ಹೋದ. ತಾನು ಕೇಳಿಸಿಕೊಂಡೇ ಹೋಗಬೇಕು, ಇಬ್ಬರ ಪಾಲಿನದ್ದನ್ನೂ.

ಅಪ್ಪನಿಗೆ ಲಕ್ವ ಹೊಡೆದ ಐದಾರು ತಿಂಗಳಿಗೆ ಅಜ್ಜಿ ಮಲಗಿದಳು. ಟೈಲರ್ ಬೆಳಿಗ್ಗೆ ಹತ್ತಕ್ಕೆ ಬಂದು ನಮ್ಮ ಹೊಸ್ತಿಲ ಹೊರಗೇ ನಿಂತರು.

"ಅಮ್ಮಾವ್ರೇ, ಅಜ್ಜಿ ಹೊರಟಿದೆ. ಕಂಬಳಿ ತಗೊಳ್ಳಿ."

"ನನಗೆ ಗೊತ್ತಿಲ್ಲ ಅಂತ ಎಷ್ಟು ಸಲ ಹೇಳ್ಬೇಕು ನಿಮಗೆ? ಅಪ್ಪ ಏನೂ ಹೇಳಿಲ್ಲ. ನನ್ನ ಹತ್ರ ಏನೂ ಇಲ್ಲ."

ಆ ಮಾತು ಬಾಯಿಂದ ಬಿದ್ದ ಕೂಡಲೇ ಅವರ ಕೈಗಳು ಕಣ್ಣಿಗೆ ಹೋದವು. ನಾನು ಒಳಗೆ ನೋಡಿದೆ. ಅಪ್ಪ ಮಂಚದ ಮೇಲಿಂದ ನನ್ನನ್ನೇ ನೋಡುತ್ತಿದ್ದರು. ಅವರು ಎಡಗೈ ಎತ್ತಿ ಮೊಳೆಯ ಮೇಲಿನ ಕಂಬಳಿ ತೋರಿಸಿದರು.

ನಾನು ಇಂದಿಗೂ ಆ ಕೈಯ ಅರ್ಥವನ್ನು ಹುಡುಕುತ್ತಿದ್ದೇನೆ. ಹೋಗು, ಏನಾದರೂ ಹೇಳು ಎಂದೇ? ಹೋಗಿ ನಿಜ ಹೇಳು ಎಂದೇ? ಅಥವಾ ತಾನೇ ಹೋಗಬೇಕು, ಹೊದಿಸು ಎಂದೇ? ಮೂರನೆಯದು ಆ ಹೊತ್ತಿನಲ್ಲಿ ನನಗೆ ಹೊಳೆಯಲೇ ಇಲ್ಲ. ಹೊಳೆದಿದ್ದರೆ ಟ್ಯಾಕ್ಸಿ ಮಾಡಿಯಾದರೂ ಅವರನ್ನು ಕರೆದೊಯ್ಯಬಹುದಿತ್ತು. ಆ 'ಹ'ವನ್ನೇ ಅಜ್ಜಿ ಪದವೆಂದು ತೆಗೆದುಕೊಳ್ಳುತ್ತಿದ್ದಳೇನೋ.

ಕಂಬಳಿ ಮಡಿಸಿಕೊಂಡು ಬಸ್ಸಿನಲ್ಲಿ ಹೋದೆ. ಮಾಗಡಿ ರಸ್ತೆಯಲ್ಲಿ ಆಗ ಮನೆಗಳು ಮುಗಿದು ಹೊಲ ಶುರುವಾಗುತ್ತಿತ್ತು. ಕಿಟಕಿಯ ಪಕ್ಕ ಕೂತು ನನಗೆ ಗೊತ್ತಿದ್ದ ಇಪ್ಪತ್ತನಾಲ್ಕು ಪದಗಳನ್ನೂ ಮನಸ್ಸಿನಲ್ಲಿ ತಿರುವಿ ಹಾಕಿದೆ, ಅವುಗಳಿಂದ ಇಪ್ಪತ್ತೈದನೆಯದನ್ನು ಊಹಿಸಲು. ಕಳೆದುಹೋದ ಶಾಸನದ ಸಾಲನ್ನು ಮೇಲಿನ ಸಾಲು ಕೆಳಗಿನ ಸಾಲಿನಿಂದ ಊಹಿಸುವುದನ್ನು ನಮಗೆ ಕಲಿಸಿದ್ದರಲ್ಲ. ಬಾಗಿಲು, ಗಾಳಿ, ನಡುವೆ ನಿಂತವನು. ಒಂದೊಂದು ಸಾಲು ಕಟ್ಟಿದೆ; ಒಂದೂ ನನ್ನ ಕಿವಿಗೇ ನಿಜವೆನ್ನಿಸಲಿಲ್ಲ. ಟೈಲರ್ ಹಿಂದಿನ ಸೀಟಿನಲ್ಲಿ ಕೂತಿದ್ದರು. ಪಕ್ಕದ ಸೀಟು ಖಾಲಿಯಿದ್ದರೂ ಕೂರಲಿಲ್ಲ.

ಅಜ್ಜಿ ನಡುಮನೆಯಲ್ಲಿ ಚಾಪೆಯ ಮೇಲಿದ್ದಳು. ಕುಗ್ಗಿ ಸಣ್ಣಗಾಗಿದ್ದಳು, ಕಣ್ಣು ಮಾತ್ರ ಚುರುಕಾಗಿತ್ತು. ಸುತ್ತ ಪಂಥದ ಐದಾರು ಜನ, ಅವಳ ಸೊಸೆ. ಸೊಸೆ ಪಂಥದವಳಲ್ಲ, ಆದರೆ ಅತ್ತೆಯ ಈ ಹಂಬಲವನ್ನು ಮೊದಲಿನಿಂದ ಕೇಳಿದವಳು.

"ಬಂದ್ಯಾ ಮಗ" ಎಂದಳು ಅಜ್ಜಿ. "ತಡವಾಯ್ತು ಅಂತ ಇದ್ದೆ. ಬಿಸ್ಲು ನೆತ್ತಿಗೆ ಬಂತಾ ನೋಡ್ರೋ."

ಬಂದಿತ್ತು. ಟೈಲರ್ ಬಾಗಿಲು ಮುಂದಕ್ಕೆ ಎಳೆದರು. ನಾನು ಅವಳ ಪಕ್ಕದಲ್ಲಿ ಮೊಣಕೈಯೂರಿ ಮಲಗಿ, ಕಂಬಳಿಯನ್ನು ಇಬ್ಬರ ತಲೆಯ ಮೇಲೆ ಎಳೆದೆ. ಅದೇ ಕತ್ತಲೆ, ಅದೇ ವಾಸನೆ. ಅವಳ ಕೈ ನನ್ನ ಮಣಿಕಟ್ಟನ್ನು ಹುಡುಕಿ ಹಿಡಿದುಕೊಂಡಿತು. ಒಣಗಿದ ಕೈ, ಆದರೆ ಹಿಡಿತ ಕುಡುಗೋಲು ಹಿಡಿದವಳದ್ದು.

"ಯೋಳು" ಎಂದಳು.

"ಅಜ್ಜಿ, ನನಗೆ ಗೊತ್ತಿಲ್ಲ. ಅಪ್ಪ ನನಗೆ ಹೇಳಿಲ್ಲ."

ಅವಳು ಒಳಗೊಳಗೇ ನಕ್ಕಳು. ಆ ನಗುವಿನ ಬಿಸಿ ನನ್ನ ಕೆನ್ನೆಗೆ ತಾಗಿತು. "ಅದು ಆಚ್ಗೆ ಯೋಳೋ ಮಾತು ಕಣವ್ವ. ಕಂಬ್ಳಿ ಒಳ್ಗೆ ಸುಳ್ಳಾಡಂಗಿಲ್ಲ. ನಿಮ್ಮಪ್ಪ ನಿಂಗೆ ಅಷ್ಟೂ ಕಲಿಸ್ನಿಲ್ವಾ?"

ಇದು ನನಗೆ ಗೊತ್ತಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಇರಲಿಲ್ಲ. ಅವಳಿಂದ ಕೇಳಿ ಬರೆದುಕೊಂಡ ಅಷ್ಟೂ ಹಾಳೆಗಳಲ್ಲಿ ಇರಲಿಲ್ಲ. ಒಳಗೆ ಒಂದು ಜಾಗವಿದೆ, ಅಲ್ಲಿ 'ಇಲ್ಲ' ಎಂದರೆ ಇಲ್ಲ ಎಂದೇ ಅರ್ಥ. ಆ ಜಾಗದಲ್ಲಿ ನಾನು ಈಗ ಮಲಗಿದ್ದೇನೆ.

ಬಸ್ಸಿನಲ್ಲಿ ಕಟ್ಟಿದ ಸಾಲುಗಳು ನಾಲಿಗೆಯ ತುದಿಗೆ ಬಂದವು. ಒಂದನ್ನು ಹೇಳಿದ್ದರೆ ಸಾಕಿತ್ತು. ಅವಳು ಎಂದೂ ಕೇಳದ ಪದ, ಯಾವುದಾದರೂ ಆಗುತ್ತಿತ್ತು. ಹೇಳಲಿಲ್ಲ. ಸುಳ್ಳಾಡುವಂತಿಲ್ಲ ಎಂದು ಅವಳು ಹೇಳಿದ್ದರಿಂದಲೋ, ನಾನು ಸತ್ಯವಂತೆ ಎಂದು ಆ ಹೊತ್ತಿನಲ್ಲೂ ನನಗೆ ನಾನೇ ತೋರಿಸಿಕೊಳ್ಳಬೇಕಿತ್ತೋ.

"ಒಳಗೂ ಅದೇ ಅಜ್ಜಿ. ನಿಜವಾಗಲೂ ಗೊತ್ತಿಲ್ಲ. ಅಪ್ಪ ಹೇಳೋಕೆ ಕರೆದ್ರು. ನಾನು ಆಮೇಲೆ ಅಂದೆ. ಆಮೇಲೆ ಅವರ ಮಾತು ಹೋಯ್ತು."

ಅವಳು ಉಸಿರು ಬಿಡುವುದು ಕೇಳಿಸಿತು. ಎರಡು ಸಲ, ಮೂರು ಸಲ. ನನ್ನ ಮಣಿಕಟ್ಟಿನ ಮೇಲಿನ ಬೆರಳುಗಳು ಒಂದೊಂದಾಗಿ ಸಡಿಲವಾದವು. ಕೊನೆಯ ಬೆರಳು ಬಿಟ್ಟದ್ದು ನನಗೆ ನೆನಪಿದೆ. ಇದಕ್ಕೆ ಡೈರಿಯ ಸಾಕ್ಷಿ ಬೇಕಿಲ್ಲ.

"ಯಾಕೆ ಆಮೇಲೆ ಅಂದೆ?" ಎಂದು ಕೇಳಿದಳು. ಬೈಗುಳ ಇರಲಿಲ್ಲ. ತಿಳಿದುಕೊಳ್ಳಲು ಕೇಳಿದಂತಿತ್ತು.

ಅಲ್ಲಿ ಸುಳ್ಳಾಡುವಂತಿಲ್ಲ. "ತಲೆಗೆ ನೀರು ಹಾಕ್ಕೊಂಡಿದ್ದೆ" ಎಂದೆ.

"ಮತ್ತೆ ನನ್ ಗತಿ?" ಎಂದಳು ಅವಳು. ಬಸ್ಸು ತಪ್ಪಿದವರು ನಿಲ್ದಾಣದಲ್ಲಿ ಪಕ್ಕದವರನ್ನು ಕೇಳುವ ಹಾಗೆ. ನಾನು ಗಾಬರಿಯಲ್ಲಿ ಇಪ್ಪತ್ತನಾಲ್ಕನೆಯ ಪದವನ್ನು ಅವಳ ಕಿವಿಯಲ್ಲಿ ಹೇಳಲು ಶುರುಮಾಡಿದೆ. "ಅದು ನಂಗೆ ಬತ್ತದೆ ಬಿಡು" ಎಂದಳು. ಆಮೇಲೆ ಕಂಬಳಿಯನ್ನು ತಾನೇ ಸರಿಸಲು ನೋಡಿದಳು. ಆಗಲಿಲ್ಲ. ನಾನು ಸರಿಸಿದೆ.

ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡೆವು. ಸುತ್ತ ಕೂತಿದ್ದವರೆಲ್ಲ ಮುಂದಕ್ಕೆ ಬಾಗಿದರು. ಟೈಲರ್ ಕೇಳಿದರು: "ಅಜ್ಜಿ, ಸಿಕ್ಕಿತಾ?"

"ಏನೂ ಇಲ್ಲ" ಎಂದಳು ಅಜ್ಜಿ.

ಐದಾರು ಜೊತೆ ಕೈಗಳು ಕಣ್ಣಿಗೆ ಹೋದವು. ಯಾರೋ ಬಿಕ್ಕಿದರು, ಸಂತೋಷಕ್ಕೆ. ಅಜ್ಜಿ ಅವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. "ಏನೂ ಇಲ್ಲ ಕಣ್ರೋ. ಅವಳ್ಗೆ ಗೊತ್ತಿಲ್ವಂತೆ. ನಿಜ್ವಾಗ್ಲೂ ಏನೂ ಸಿಗ್ನಿಲ್ಲ ನಂಗೆ." ಅವರು ಇನ್ನಷ್ಟು ತಲೆ ಬಾಗಿಸಿದರು. ಅವಳ ಗಂಟಲು ಏರಿತು. ಏರಿದಷ್ಟೂ ಅವರ ಮುಖಗಳು ಬೆಳಗಿದವು. ಒಬ್ಬ ಮುದುಕ, "ಆ ವಿಧವೆ ತಾಯಿ ಹಿಂಗೇ ಅಂದಿರ್ಬೇಕು" ಎಂದು ಪಕ್ಕದವನಿಗೆ ಪಿಸುಗುಟ್ಟಿದ. ಅಜ್ಜಿ ನನ್ನ ಕಡೆ ತಿರುಗಿದಳು. ನಾನು ಬಾಯಿ ಬಿಟ್ಟೆ. "ಅಜ್ಜಿ ಹೇಳ್ತಿರೋದು ನಿಜ, ಕೇಳಿ. ನಾನು ಏನೂ ಕೊಟ್ಟಿಲ್ಲ." ಅವರು ನನ್ನ ಕಡೆಗೂ ಕೈಮುಗಿದರು.

ಇದಾದ ಮೇಲೆ ಅವಳು ಮೂರು ದಿನ ಬದುಕಿದ್ದಳು. ಮೂರು ದಿನವೂ ಬಂದವರಿಗೆಲ್ಲ ಅದನ್ನೇ ಹೇಳಿದಳಂತೆ, ಅತ್ತಳಂತೆ. ನಾನು ಮತ್ತೆ ಹೋಗಲಿಲ್ಲ. ಹೋಗಬೇಕಿತ್ತು ಎನ್ನುವುದು ಬೇರೆ ಮಾತು. ಕಂಬಳಿಯೊಳಗೆ ಹೋಗಿ ಅವಳ ಪಕ್ಕದಲ್ಲಿ ಸುಮ್ಮನೆ ಮಲಗಿಯಾದರೂ ಇರಬಹುದಿತ್ತು. ಅವಳ ಮಾತು ಮಾತಾಗಿ ಕೇಳಿಸುವ ಜಾಗ ಅದೊಂದೇ ಉಳಿದಿತ್ತು. ನಾನು ಆ ಮೂರು ದಿನ ಕ್ಯಾಂಪಸ್ಸಿಗೆ ಹೋದೆ. ಡೈರಿಯಲ್ಲಿ ಗ್ರಂಥಾಲಯ, ಟಿಪ್ಪಣಿ, ಬಸ್ಸು ತಡ ಎಂದಿದೆ.

ಪ್ರಬಂಧದ ವಿಷಯ ಬದಲಾಯಿಸಿದೆ. ನನ್ನ ಗೈಡ್ ಕಾರಣ ಕೇಳಿದಾಗ, ಆಕರ ಸಾಲದು ಎಂದೆ. ಎಲ್ಲರೂ ಮಾಡುವಂತೆ ಕಂದಾಯದ ಬಗ್ಗೆ ಬರೆದು ಪಾಸಾದೆ. ಒಂದು ಅನುಮಾನ ಮಾತ್ರ ಹೋಗಲಿಲ್ಲ. ಅಪ್ಪನಿಗೆ ಅವರ ಗುರು ಹೇಳಿದ್ದರೇ? ಆ ಗುರುವಿಗೆ ಅವರ ಗುರು? ಏಳು ತಲೆಯಲ್ಲಿ ಎಲ್ಲೋ ಒಬ್ಬರು ನನ್ನ ಹಾಗೆಯೇ ಕೈತಪ್ಪಿಸಿಕೊಂಡು, ನಿಜವನ್ನೇ ಹೇಳಿ, ಕೈಮುಗಿಸಿಕೊಂಡಿದ್ದರೆ? ಇದನ್ನು ಅಪ್ಪನಿಗೆ ಕಂಬಳಿಯೊಳಗೆ ಕೇಳಬಹುದಿತ್ತು. ತಲೆಯಾಡಿಸಲು ಅವರಿಗೆ ಬರುತ್ತಿತ್ತು. ಕೆನ್ನೆಯ ಮೇಲೆ ಅಂಗೈಯಿಟ್ಟರೆ ನನಗೆ ತಿಳಿಯುತ್ತಿತ್ತು. ಅವರು ಮುಂದೆ ಎರಡು ವರ್ಷ ಬದುಕಿದ್ದರು. ನಾನು ಕೇಳಲಿಲ್ಲ.

ಅಜ್ಜಿಯ ಹನ್ನೊಂದನೆಯ ದಿನ ಕಳೆದ ಮೇಲೆ ಸೊಸೆ ರಾಜಾಜಿನಗರಕ್ಕೆ ಬಂದಳು. ಬುಟ್ಟಿಯಲ್ಲಿ ಸೊಗಡು ಅವರೆಕಾಯಿ, ಮೇಲೆ ಒಂದು ರವಿಕೆ ಕಣ, ಎಲೆಅಡಿಕೆ. ಅಮ್ಮ ಕಾಫಿ ಕೊಟ್ಟಳು. ಸೊಸೆ ಕಾಫಿ ಮುಟ್ಟದೆ, ನನ್ನೆದುರು ನೆಲದ ಮೇಲೆ ಕೂತಳು.

"ನಮ್ಮತ್ತೆ ಜೀವ ಹೋಗೋಗಂಟ ಅದೇ ಮಾತು ಅಂತಿದ್ರು. ಏನೂ ಇಲ್ಲ, ಏನೂ ಇಲ್ಲ ಅಂತ. ಕೊನೇ ಉಸ್ರಲ್ಲೂ ಗುಟ್ಟು ಬಿಡ್ನಿಲ್ಲ. ಊರೋರೆಲ್ಲ ಪುಣ್ಯವಂತೆ ಅಂದ್ರು." ಅವಳು ಬುಟ್ಟಿಯನ್ನು ನನ್ನ ಕಡೆಗೆ ಸರಿಸಿದಳು. "ಆದ್ರೆ ಅಳ್ತಿದ್ರು. ಅದೊಂದು ನಂಗೆ ತಿಳೀನಿಲ್ಲ. ಅದು ಸಿಕ್ದೋರು ಅಳ್ತಾರಾ ಅಮ್ಮಾವ್ರೇ?"

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಮಂಚದ ಮೇಲೆ ಅಪ್ಪ ತಲೆ ತಿರುಗಿಸಿ ಮೊಳೆಯ ಮೇಲಿನ ಕಂಬಳಿಯನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಕಂಬಳಿಯನ್ನು ನೋಡಿದರು. ಈ ಸಲ ಅವರು ಏನು ಹೇಳುತ್ತಿದ್ದಾರೆಂದು ನನಗೆ ಅನುಮಾನವಿರಲಿಲ್ಲ: ಇವಳನ್ನು ಒಳಗೆ ಕೂರಿಸಿಕೊಂಡು ನಿಜ ಹೇಳು. ಕಂಬಳಿ ಎರಡು ಮಾರು ದೂರದಲ್ಲಿತ್ತು. ಹೊರಗೆ ಎದುರು ಮನೆಯ ಕುಕ್ಕರ್ ಕೂಗಿತು.

ನಾನು ಎದ್ದು ಕಂಬಳಿ ತೆಗೆಯಲಿಲ್ಲ.

"ಅಳ್ತಾರೆ" ಎಂದೆ.

ಅವಳು ಕೈಯೆರಡನ್ನೂ ಕಣ್ಣಿಗೊತ್ತಿಕೊಂಡು, ಆಮೇಲೆ ಕಾಫಿ ಕುಡಿದಳು. ಅಪ್ಪ 'ಹ' 'ಹ' ಎಂದು ಎರಡು ಸಲ ಅಂದು, ಗೋಡೆಯ ಕಡೆಗೆ ಮುಖ ತಿರುಗಿಸಿದರು.